ಸಿಲ್ವಾರದ ವಿಮಾನ

2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಮಿಗ್-21 ವಿಮಾನಗಳಿಗೆ ನಮ್ಮ ವಾಯುಪಡೆ ವಿದಾಯ ಹೇಳಿತಲ್ಲ, ಅವತ್ತು ನಾನು ನವರಾತ್ರಿಗೆ ಅಂತ ಊರಿಗೆ ಹೋಗಿದ್ದೆ. ದೊಡ್ಡಪ್ಪ ಬೆಳಗ್ಗಿನಿಂದಲೇ ಟೀವಿ ಮುಂದೆ ಕೂತಿದ್ದರು. ಹದಿನೆಂಟನೇ ವಯಸ್ಸಿಗೆ ತೀರ್ಥಹಳ್ಳಿಯಲ್ಲಿ ಬಸ್ಸು ಹತ್ತಿ ಹೋಗಿ ವಾಯುಪಡೆ ಸೇರಿದವರು ಅವರು. ವಿಮಾನ ಹಾರಿಸಿದವರಲ್ಲ, ಏರ್‌ಫ್ರೇಮ್ ಫಿಟರ್ ಆಗಿದ್ದವರು. ಅಂದ್ರೆ ವಿಮಾನದ ಮೈ ನೋಡಿಕೊಳ್ಳುವ ಕೆಲಸ. ಟೀವಿಯಲ್ಲಿ ಬೂದು ಬಣ್ಣದ ಮಿಗ್-21 ಬೈಸನ್‌ಗಳು ಕೊನೆಯ ಸಲ ಹಾರಿದವು. ಆ್ಯಂಕರ್ ಗದ್ಗದಿತನಾದ. ದೊಡ್ಡಪ್ಪ ಕಣ್ಣು ಕಿರಿದು ಮಾಡಿ ನೋಡಿ, "ಇದ್ಯಾವ ವಿಮಾನ ಮಾರಾಯ? ನಮ್ಮದು ಸಿಲ್ವಾರದ್ದು" ಅಂದರು.

ನಮ್ಮ ಕಡೆ ಅಲ್ಯೂಮಿನಿಯಂ ಪಾತ್ರೆಗೆ ಸಿಲ್ವಾರ ಅಂತಾರೆ. ಇಂಗ್ಲಿಷ್ ಕಲಿತ ಮೇಲೆ ಈ ಹೆಸರು ಕೇಳಿ ನಾನೂ ನಕ್ಕಿದ್ದೇನೆ, ಬೆಳ್ಳಿಯ ಹೆಸರನ್ನು ಅನ್ನದ ಗುಂಡಿಗೆ ಇಟ್ಟಿದ್ದಾರಲ್ಲ ಅಂತ. ಆದರೆ ದೊಡ್ಡಪ್ಪ ಹೇಳಿದ್ದು ಅಕ್ಷರಶಃ ಸರಿ. 1963ರಲ್ಲಿ ಇದೇ ಚಂಡೀಗಢಕ್ಕೆ, 28ನೇ ಸ್ಕ್ವಾಡ್ರನ್ನಿಗೆ ಬಂದ ಮೊದಲ ಮಿಗ್-21ಗಳ ಮೈಗೆ ಬಣ್ಣವೇ ಇರಲಿಲ್ಲ. ಬರೀ ಲೋಹ. ರೆಕ್ಕೆಯ ಮೇಲೆ ಕೇಸರಿ-ಬಿಳಿ-ಹಸಿರಿನ ವೃತ್ತ, ಬಾಲದಲ್ಲಿ ಪುಟ್ಟ ಧ್ವಜ, ಒಂದು ನಂಬರು. ಮುಗೀತು.

ನನಗೆ ಪ್ಲಾಸ್ಟಿಕ್ ವಿಮಾನಗಳ ಮಾಡೆಲ್ ಮಾಡುವ ಹುಚ್ಚು ಇದೆ. ದಿನಾ ಹತ್ತು ಗಂಟೆ ಸ್ಕ್ರೀನ್ ನೋಡುವವನಿಗೆ ಕೈಯಲ್ಲಿ ಹಿಡಿಯುವಂಥದ್ದೇನಾದರೂ ಬೇಕಲ್ಲ. ಹಾಗಾಗಿ ಮುಂದಿನ ಮಾತು ಬಾಯಿಗೆ ಬಂದೇಬಿಟ್ಟಿತು: "ನಿಮ್ಮ ಸಿಲ್ವಾರದ್ದನ್ನ ನಾನು ಮಾಡಿಕೊಡ್ತೀನಿ ದೊಡ್ಡಪ್ಪ." ಮಾಡೆಲ್ ಮಾಡುವವರು ಇದನ್ನು ಓದುತ್ತಿದ್ದರೆ ಈಗಾಗಲೇ ನಕ್ಕಿರುತ್ತಾರೆ. ಈ ಹವ್ಯಾಸದಲ್ಲಿ ಅತಿ ಕಷ್ಟದ ಕೆಲಸ ಅಂದರೆ ಬಣ್ಣವೇ ಇಲ್ಲದ ವಿಮಾನಕ್ಕೆ ಬಣ್ಣ ಹೊಡೆಯೋದು. ಇದಕ್ಕೆ ನ್ಯಾಚುರಲ್ ಮೆಟಲ್ ಫಿನಿಶ್ ಅಂತ ಹೆಸರು. ಹಸಿರು-ಕಂದು ಪಟ್ಟೆಯ ವಿಮಾನವಾದರೆ ಬಣ್ಣದ ಮೇಲೆ ಬಣ್ಣ, ಅಷ್ಟೆ. ಇಲ್ಲಿ ಪ್ಲಾಸ್ಟಿಕ್ಕಿಗೆ ಬಣ್ಣ ಹೊಡೆದು, "ನೋಡಿ, ಇದಕ್ಕೆ ಬಣ್ಣವನ್ನೇ ಹೊಡೆದಿಲ್ಲ" ಅಂತ ನಂಬಿಸಬೇಕು.

ವಿಮಾನಗಳು ಮೊದಲಿಗೆ ಬೆತ್ತಲಾಗಿದ್ದಾದರೂ ಯಾಕೆ ಅಂತ ಹುಡುಕಲು ಹೋದರೆ ಕಥೆ 1906ರ ಜರ್ಮನಿಗೆ ಹೋಗುತ್ತದೆ. ಆಲ್ಫ್ರೆಡ್ ವಿಲ್ಮ್ ಅನ್ನುವ ಲೋಹವಿಜ್ಞಾನಿ ಅಲ್ಯೂಮಿನಿಯಂಗೆ ಸುಮಾರು 4% ತಾಮ್ರ, ಚೂರು ಮೆಗ್ನೀಷಿಯಂ ಬೆರೆಸಿ, ಕಾಯಿಸಿ, ನೀರಲ್ಲಿ ಅದ್ದಿ ಪರೀಕ್ಷೆ ಮಾಡುತ್ತಿದ್ದ. ಶನಿವಾರ ಅಳೆದಾಗ ಅಂಥಾ ಗಟ್ಟಿಯೇನೂ ಇರಲಿಲ್ಲ. ಸೋಮವಾರ ಬಂದು ಅದೇ ತುಂಡನ್ನು ಮತ್ತೆ ಅಳೆದರೆ ತುಂಬಾ ಗಟ್ಟಿಯಾಗಿತ್ತು. ಯಾರೂ ಏನೂ ಮಾಡಿರಲಿಲ್ಲ, ಸುಮ್ಮನೆ ಬಿಟ್ಟಿದ್ದಷ್ಟೇ. ವೀಕೆಂಡಿನಲ್ಲಿ ತನ್ನಷ್ಟಕ್ಕೇ ಕೆಲಸ ಮುಗಿಸಿಕೊಂಡ ಲೋಹ! ನಮ್ಮ ಸರ್ವರುಗಳು ವೀಕೆಂಡಿನಲ್ಲಿ ಮಾಡುವುದು ಬೇರೆಯೇ, ಬಿಡಿ. ಈ ಮಿಶ್ರಲೋಹಕ್ಕೆ ಡ್ಯುರಾಲುಮಿನ್ ಅಂತ ಹೆಸರಾಯಿತು. ಜೆಪ್ಪೆಲಿನ್ ವಾಯುನೌಕೆಗಳ ಹಂದರ, ಯುಂಕರ್ಸ್ ಕಂಪನಿಯ ವಿಮಾನಗಳು ಇದರಲ್ಲೇ ಆದವು.

ಆದರೆ ಡ್ಯುರಾಲುಮಿನ್‌ಗೆ ಒಂದು ರೋಗವಿತ್ತು. ತಾಮ್ರ ಇದ್ದದ್ದರಿಂದ ಗಟ್ಟಿಯಾಯಿತಲ್ಲ, ಅದೇ ತಾಮ್ರದಿಂದ ತೇವ ಮತ್ತು ಉಪ್ಪುಗಾಳಿಗೆ ಲೋಹದ ಕಣಗಳ ಸಂದಿಯಲ್ಲಿ ಸವೆತ ಶುರುವಾಗುತ್ತಿತ್ತು. ಹೊರಗಿನಿಂದ ನೋಡಿದರೆ ಚೆನ್ನಾಗೇ ಇರುವ ತಗಡು ಒಳಗೆ ಗೆದ್ದಲು ತಿಂದ ತೊಲೆಯಂತೆ. ವಿಮಾನದ ರೆಕ್ಕೆಗೆ ಈ ರೋಗ ಬಂದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. 1927ರಲ್ಲಿ ಅಮೆರಿಕದ ಆಲ್ಕೋವಾ ಕಂಪನಿ ಇದಕ್ಕೆ ಮದ್ದು ತಂದಿತು. ಗಟ್ಟಿ ಮಿಶ್ರಲೋಹದ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂನ ತೆಳುಪದರ ಅಂಟಿಸಿ ಒಟ್ಟಿಗೇ ಲಟ್ಟಿಸಿ ತೆಗೆಯುವುದು. ತೆಳು ತಗಡಿನಲ್ಲಿ ಈ ಪದರ ಒಂದೊಂದು ಬದಿಗೆ ದಪ್ಪದ ಸುಮಾರು 5% ಮಾತ್ರ. ಶುದ್ಧ ಅಲ್ಯೂಮಿನಿಯಂಗೆ ಬಲ ಕಡಿಮೆ, ಆದರೆ ಅದು ಸುಲಭಕ್ಕೆ ಸವೆಯೋಲ್ಲ. ಅಲ್ಲಲ್ಲಿ ಗೀರು ಬಿದ್ದರೂ ತಾನು ಸವೆದು ಒಳಗಿನದನ್ನು ಉಳಿಸುತ್ತದೆ. ಇದಕ್ಕೆ ಆಲ್‌ಕ್ಲಾಡ್ ಅಂತ ಹೆಸರಿಟ್ಟರು.

ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾಗಿದ್ದು ಕಲಾಯಿ. ಚಿಕ್ಕಂದಿನಲ್ಲಿ ವರ್ಷಕ್ಕೊಂದು ಸಲ ಕಲಾಯಿಯವರು ನಮ್ಮೂರಿಗೆ ಬರುತ್ತಿದ್ದರು. ಅಂಗಳದಲ್ಲಿ ಗುಂಡಿ ತೋಡಿ, ತಿದಿ ಒತ್ತಿ, ಹಿತ್ತಾಳೆ ಪಾತ್ರೆ ಕೆಂಪಗೆ ಕಾಯಿಸಿ, ನವಸಾಗರ ಎರಚಿದರೆ ಬುಸ್ಸೆಂದು ಬಿಳಿ ಹೊಗೆ. ಅದರೊಳಗೆ ತವರದ ಕಡ್ಡಿ ಮುಟ್ಟಿಸಿ ಹತ್ತಿಯಲ್ಲಿ ಒಂದು ಸುತ್ತು ಒರೆಸಿದರೆ ಪಾತ್ರೆಯ ಒಳಗೆಲ್ಲ ಬೆಳದಿಂಗಳು. ಗಟ್ಟಿ ಲೋಹಕ್ಕೆ ಮೆತ್ತನೆಯ, ಕಿಲುಬು ಹಿಡಿಯದ ಲೋಹದ ಅಂಗಿ. ಆಲ್‌ಕ್ಲಾಡ್ ತಗಡಿನ ಉಪಾಯವೂ ಹೆಚ್ಚುಕಡಿಮೆ ಇದೇ. ಇನ್ನೂ ಒಂದು ಹೋಲಿಕೆ ಇದೆ. ಅಜ್ಜಿ ಕಲಾಯಿ ಪಾತ್ರೆಯನ್ನು ಬೂದಿ ಹಾಕಿ ಗಸಗಸ ತಿಕ್ಕಲು ಬಿಡುತ್ತಿರಲಿಲ್ಲ, ಹೊಳಪಿನ ಆಸೆಗೆ ತಿಕ್ಕಿದರೆ ಕಲಾಯಿಯೇ ಹೋಗುತ್ತೆ ಅಂತ. ಆಲ್‌ಕ್ಲಾಡ್ ತಗಡನ್ನು ಅತಿಯಾಗಿ ಪಾಲಿಶ್ ಮಾಡಿದರೂ ಅದೇ ಕಥೆ.

ಈ ತಗಡು ಬಂದ ಮೇಲೆ ವಿಮಾನಕ್ಕೆ ರಕ್ಷಣೆಗೋಸ್ಕರ ಬಣ್ಣ ಬೇಕೇಬೇಕು ಅನ್ನುವುದು ಹೋಯಿತು. 1930ರ ದಶಕದ ಡಿಸಿ-3ಯಂಥ ಪ್ರಯಾಣಿಕರ ವಿಮಾನಗಳು ಮಿರಮಿರ ಮಿಂಚುತ್ತಾ ಓಡಾಡಿದವು. ಯುದ್ಧ ಬಂತು, ಎಲ್ಲರೂ ಹಸಿರು, ಕಂದು, ಬೂದಿ ಬಳಿದುಕೊಂಡರು. ಆಮೇಲೆ 1943ರ ಕೊನೆ, 1944ರ ಆರಂಭದ ಹೊತ್ತಿಗೆ ಅಮೆರಿಕದವರು ಬಣ್ಣ ನಿಲ್ಲಿಸಿಬಿಟ್ಟರು. ಶತ್ರುವಿನ ಹತ್ತಿರ ರಡಾರ್ ಇದೆ, ಬಣ್ಣ ಬಳಿದು ಬಚ್ಚಿಟ್ಟುಕೊಳ್ಳುವುದು ಎಲ್ಲಿಂದ? ಬಣ್ಣ ಬಿಟ್ಟರೆ ತೂಕ ಇಳಿಯುತ್ತೆ, ಸ್ವಲ್ಪ ವೇಗ ಬರುತ್ತೆ, ಫ್ಯಾಕ್ಟರಿಯಲ್ಲಿ ಅಷ್ಟು ಗಂಟೆ ಉಳಿಯುತ್ತೆ. ಆಕಾಶ ನಮ್ಮದೇ, ನೋಡೋದಾದರೆ ನೋಡಿ ಅನ್ನುವ ಧೈರ್ಯವೂ ಅದರಲ್ಲಿ ಇತ್ತು ಅಂತ ನನ್ನ ಲೆಕ್ಕ.

ಇಲ್ಲೊಂದು ತಮಾಷೆ ಇದೆ. ಆ ಕಾಲದ ಅತಿ ಪ್ರಸಿದ್ಧ ಬೆಳ್ಳಿ ವಿಮಾನ ಪಿ-51 ಮಸ್ಟಾಂಗ್. ಅದರ ರೆಕ್ಕೆ ಬರೀ ಲೋಹವಲ್ಲ! ಗಾಳಿ ಅದರ ಮೇಲೆ ಚೂರೂ ಅಲುಗದೆ ಜಾರಬೇಕು ಅಂತ ರಿವೆಟ್ಟು, ಸಂದಿಗಳಿಗೆಲ್ಲ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಅಲ್ಯೂಮಿನಿಯಂ ಬಣ್ಣ ಹೊಡೆಯುತ್ತಿದ್ದರು. ಅಂದರೆ ನಿಜವಾದ ವಿಮಾನದಲ್ಲೂ ಮೈ ಲೋಹ, ರೆಕ್ಕೆ ಲೋಹದ ಬಣ್ಣ. ಹಾಗಿದ್ದೂ ಮಸ್ಟಾಂಗ್ ಮಾಡೆಲ್ ಮಾಡುವವರು ರೆಕ್ಕೆಯ ಒಂದೊಂದು ರಿವೆಟ್ಟನ್ನೂ ಭಕ್ತಿಯಿಂದ ಎದ್ದು ಕಾಣಿಸುತ್ತಾರೆ. ನಾನೂ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಮುಂದೆ ಜೆಟ್ ಯುಗ. 1950ರಿಂದ 53ರವರೆಗೆ ಕೊರಿಯಾದ ಆಕಾಶದಲ್ಲಿ ಅಮೆರಿಕದ ಸೇಬರ್, ಸೋವಿಯತ್ ಮಿಗ್-15 ಎರಡೂ ಬರಿಮೈಯಲ್ಲೇ ಬಡಿದಾಡಿದವು. ಫ್ರಾನ್ಸಿನ ಮಿರಾಜ್, ಬ್ರಿಟನ್ನಿನ ಲೈಟ್ನಿಂಗ್, ಎಲ್ಲ ಶುರುವಿನಲ್ಲಿ ಹಾಗೇ. ಎಫ್-100 ಸೂಪರ್ ಸೇಬರ್ ಅಂತೂ ಮಾಡೆಲ್ ಮಾಡುವವರ ಪರೀಕ್ಷೆ. ಎಂಜಿನ್ನಿನ ಕಾವಿಗೆ ಅದರ ಹಿಂಬದಿ ಹುಲ್ಲಿನ ಹಳದಿ, ನೇರಳೆ, ನೀಲಿಗೆ ತಿರುಗಿರುತ್ತಿತ್ತು. ಹಳೇ ಬುಲೆಟ್ ಬೈಕಿನ ಸೈಲೆನ್ಸರ್ ಪೈಪು ಎಂಜಿನ್ ಹತ್ತಿರ ನೀಲಿಯಾಗುತ್ತಲ್ಲ, ಹಾಗೆ. ವಿಯೆಟ್ನಾಂ ಯುದ್ಧದಲ್ಲಿ ಈ ಆಟ ಮುಗೀತು. ಕಾಡಿನ ಮೇಲೆ ತಗ್ಗಿನಲ್ಲಿ ಹಾರುವ ಬೆಳ್ಳಿ ವಿಮಾನ ಮೇಲಿನವನ ಕಣ್ಣಿಗೆ ಕನ್ನಡಿ ಹಿಡಿದಂತೆ. 1965ರಿಂದ ಅಮೆರಿಕದ ಯುದ್ಧವಿಮಾನಗಳು ಮತ್ತೆ ಹಸಿರು-ಕಂದು ಹೊದ್ದುಕೊಂಡವು. ಈಗಂತೂ ಹೊಳೆಸುವುದಕ್ಕೆ ಲೋಹವೇ ಇಲ್ಲ. ನಮ್ಮ ಬೆಂಗಳೂರಿನ ತೇಜಸ್ ವಿಮಾನದ ಹೊರಮೈ ಬಹುಪಾಲು ಕಾರ್ಬನ್ ಕಾಂಪೊಸಿಟ್. ಅಂದರೆ ಜೆಟ್‌ಗಳು ಬೆಳ್ಳಗಿದ್ದ ಕಾಲ ಇಪ್ಪತ್ತು ವರ್ಷ ಚಿಲ್ಲರೆ ಅಷ್ಟೇ. ನಮ್ಮ ದೊಡ್ಡಪ್ಪ ಅದರ ಬಾಲ ಹಿಡಿದವರು.

ಆ ಇಪ್ಪತ್ತು ವರ್ಷವನ್ನು ಒಂದು ಗೇಣು ಪ್ಲಾಸ್ಟಿಕ್ಕಿನ ಮೇಲೆ ತರಲು ಮಾಡೆಲ್ ಮಾಡುವವರು ಅದಕ್ಕಿಂತ ಜಾಸ್ತಿ ವರ್ಷ ಒದ್ದಾಡಿದ್ದಾರೆ. ಹಳಬರಿಗೆಲ್ಲ ಗೊತ್ತಿದ್ದದ್ದು ಹಂಬ್ರಾಲ್ ಡಬ್ಬಿಯ 11ನೇ ನಂಬರಿನ ಸಿಲ್ವರ್. ಬ್ರಶ್ಶಿನಲ್ಲಿ ಹೊಡೆದರೆ ವಿಮಾನ ಅಲ್ಲ, ನಮ್ಮೂರ ಸೊಸೈಟಿಯ ಗೇಟು ಕಾಣುತ್ತಿತ್ತು. ಕಾರಣ ಸರಳ. ಬೆಳ್ಳಿ ಬಣ್ಣ ಅಂದರೆ ದ್ರವದಲ್ಲಿ ತೇಲುವ ಅಲ್ಯೂಮಿನಿಯಂ ಚಕ್ಕೆಗಳು. ಒಂದು ಚಕ್ಕೆ 30 ಮೈಕ್ರಾನ್ ಇದೆ ಅಂದುಕೊಳ್ಳಿ. 1:72 ಅಳತೆಯ ಮಾಡೆಲ್ಲಿನಲ್ಲಿ ಅದು 72 ಪಟ್ಟು, ಅಂದರೆ ನಿಜವಾದ ವಿಮಾನದ ಮೇಲೆ 2 ಮಿಲಿಮೀಟರ್‌ಗೂ ದೊಡ್ಡ ಹರಳು. ಯಾವ ವಿಮಾನದ ಮೈ ರವೆ ಮೆತ್ತಿದಂತೆ ಇರುತ್ತೆ ಹೇಳಿ?

ಹಾಗಾಗಿ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು. ಕೆಲವರು ಅಡುಗೆಮನೆಯ ಫಾಯಿಲ್ಲನ್ನೇ ಗೋಂದು ಹಚ್ಚಿ ಒಂದೊಂದು ಪ್ಯಾನೆಲ್ಲಿಗೂ ಕತ್ತರಿಸಿ ಅಂಟಿಸಿದರು. ನಿಜವಾದ ಲೋಹ ಅದು, ಅದಕ್ಕಿಂತ ನಿಜ ಯಾವುದಿದೆ? ಆದರೆ ಮೂಗಿನಂಥ ಎರಡೂ ಕಡೆ ಬಾಗಿದ ಜಾಗದಲ್ಲಿ ಸುಕ್ಕು ಬೀಳುತ್ತೆ. ಈ ಕೆಲಸಕ್ಕೆಂದೇ ಹಿಂಬದಿಗೆ ಅಂಟು ಇರುವ ಬೇರ್-ಮೆಟಲ್ ಫಾಯಿಲ್ ಬಂತು. ಕೆಲವರು ಚಿತ್ರದ ಚೌಕಟ್ಟಿಗೆ ಹಚ್ಚುವ ರಬ್ ಎನ್ ಬಫ್ ಮೇಣವನ್ನು ಬೆರಳಲ್ಲಿ ತಿಕ್ಕಿದರು. ಟೆಸ್ಟರ್ಸ್ ಕಂಪನಿಯ ಮೆಟಲೈಜರ್ ಬಂತು. ಹೊಡೆದು ಒಣಗಿದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಉಜ್ಜಿದರೆ ಹೊಳಪು, ಆದರೆ ಮಾಸ್ಕಿಂಗ್ ಟೇಪ್ ಅಂಟಿಸಿ ಕಿತ್ತರೆ ಹೊಳಪೂ ಟೇಪಿನ ಜೊತೆ. ಆಮೇಲೆ ಬಂದ ಏರ್‌ಬ್ರಶ್ ಬಣ್ಣದ ಹೆಸರು ನೋಡಿ: ಆಲ್‌ಕ್ಲಾಡ್ 2. ಲೋಹದ ಅಂಗಿಯ ಹೆಸರೇ ಈಗ ಪ್ಲಾಸ್ಟಿಕ್ಕಿನ ಅಂಗಿಗೆ. ಚಕ್ಕೆ ಅತಿ ಸಣ್ಣ, ಬಣ್ಣ ನೀರಿನಷ್ಟು ತೆಳು. ಕೆಳಗೆ ಕಪ್ಪು ಗ್ಲಾಸ್ ಬಣ್ಣ ಹೊಡೆದು, ಅದು ಒಣಗಿದ ಮೇಲೆ 12ರಿಂದ 15 ಪಿಎಸ್‌ಐ ಗಾಳಿಯಲ್ಲಿ ಮಂಜು ಬಿದ್ದ ಹಾಗೆ ಬೀಳಿಸಬೇಕು. ಸೈಕಲ್ ಟೈರಿನ ಗಾಳಿಯ ಅರ್ಧವೂ ಅಲ್ಲ ಅದು. ಲೋಹದ ಪದರ ಎಷ್ಟು ತೆಳುವೆಂದರೆ ಕೆಳಗಿನ ಕಪ್ಪೇ ಅದಕ್ಕೆ ಆಳ ಕೊಡೋದು.

ಕೆಳಗಿನದು ಕಾಣುತ್ತೆ ಅನ್ನುವುದೇ ಸಮಸ್ಯೆ ಕೂಡ. ಮಿಗ್-21 ಮಾಡೆಲ್ಲಿನ ಮೈ ಎಡ-ಬಲ ಎರಡು ಹೋಳು. ಅಂಟಿಸಿದ ಗೆರೆ 0.1 ಮಿಲಿಮೀಟರ್ ಉಳಿದರೂ 72ರಲ್ಲಿ ಗುಣಿಸಿ, ಪೆನ್ಸಿಲ್ ತೂರುವಷ್ಟು ಸೀಳು. ಹಸಿರು ಬಣ್ಣ ಇದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತೆ. ಲೋಹದ ಬಣ್ಣ ಊರಿಗೆಲ್ಲ ಡಂಗುರ ಹೊಡೆಯುತ್ತೆ. ನಮ್ಮ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಕೂತು 400ರಿಂದ ಶುರು ಮಾಡಿ 2000ದವರೆಗೆ ಸ್ಯಾಂಡ್ ಪೇಪರ್ ಹಾಕಿ ಉಜ್ಜಿದೆ. ಮೊದಲ ಸಲ ಬೆನ್ನ ಮೇಲೆ ಗೆರೆ ಕಂಡಿತು, ಎಲ್ಲ ಕಿತ್ತೆ. ಎರಡನೇ ಸಲ ಕಪ್ಪು ಬಣ್ಣದ ಮೇಲೆ ಪಕ್ಕದ ಮನೆಯವರ ಹೊದಿಕೆಯ ಉಣ್ಣೆ ಎಳೆ. ಮೂರನೇ ಸಲ ಆಯಿತು ನೋಡಿ! ನೋಡಿದರೆ ನನ್ನ ಮುಖ ಕಾಣಬೇಕು, ಹಾಗೆ. "ಲೋಟದ ಥರ ಇದೆ" ಅಂದಳು ಹೆಂಡತಿ. ಅದನ್ನು ಹೊಗಳಿಕೆ ಅಂತ ತಿಳಿದೆ.

ದೀಪಾವಳಿಗೆ ಒಯ್ದು ದೊಡ್ಡಪ್ಪನ ಕೈಗಿಟ್ಟೆ. ಅವರು ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿದರು. "ಚಂದ ಇದೆ" ಅಂದರು. ಆಮೇಲೆ, "ಆದರೆ ಇದು ಸರ್ಕಲ್ಲಿನಲ್ಲಿ ಕಂಬದ ಮೇಲೆ ನಿಲ್ಸಿರ್ತಾರಲ್ಲ, ಅದು."

ನನಗೆ ಮುಖಕ್ಕೆ ಹೊಡೆದಂತಾಯಿತು. ಯಾಕೆಂದರೆ ನಾನು ನೋಡಿ ಮಾಡಿದ್ದು ಹೆದ್ದಾರಿ ಪಕ್ಕ ನಿಲ್ಲಿಸಿದ್ದ ಒಂದು ವಿಮಾನದ ಫೋಟೋವನ್ನೇ. ಹೀಗೆ ನಿಲ್ಲಿಸಿದ ವಿಮಾನಗಳಿಗೆ ಮಳೆ-ಬಿಸಿಲಿಗೆ ಹಾಳಾಗದಿರಲಿ ಅಂತ ಅಡಿಯಿಂದ ಮುಡಿವರೆಗೆ ಒಂದೇ ಸಿಲ್ವರ್ ಪೇಂಟ್ ಬಳಿಯೋದು ಮಾಮೂಲು. ಅದು ವಿಮಾನದ ಪ್ರತಿಮೆ. ನಾನು ಪ್ರತಿಮೆಯ ಪ್ರತಿಮೆ ಮಾಡಿದ್ದೆ.

"ನಿಮ್ಮದು ಹೇಗಿತ್ತು?" ಅಂತ ಕೇಳಿದೆ. ಅಷ್ಟು ಕೇಳಿದ್ದೇ ತಡ, ಮೂವತ್ತೇಳು ವರ್ಷದಲ್ಲಿ ನನ್ನ ಹತ್ತಿರ ಅಷ್ಟು ಮಾತಾಡಿರದ ಮನುಷ್ಯ ಕಾಫಿ ಆರುವವರೆಗೆ ಮಾತಾಡಿದರು. ಮಾಡೆಲ್ಲನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಅಡಿಕೆ ಕತ್ತರಿಯ ತುದಿಯಲ್ಲಿ ತೋರಿಸುತ್ತಾ ಹೋದರು. "ಇಲ್ಲಿಂದ ಹಿಂದೆ ಪೂರ್ತಿ ಕಳಚ್ತಿತ್ತು. ಎಂಜಿನ್ ತೆಗೀಬೇಕು ಅಂದ್ರೆ ಬಾಲದ ಕಡೆ ಅರ್ಧ ಎಳೆದು ಬೇರೆ ಇಡ್ತಿದ್ವಿ. ಆ ಭಾಗ ಕಾವಿಗೆ ಕಂದಿ ಹೋಗಿರ್ತಿತ್ತು, ಮುಂದಿನ ಬಣ್ಣ ಅಲ್ಲ. ಈ ಮುಚ್ಚಳ ದಿನಾ ತೆಗೆದು ಹಾಕ್ತಿದ್ವಿ, ಸುತ್ತಲೂ ಕೈಯಿನ ಜಿಡ್ಡು. ಇದು ಹೊಸದು ಹಾಕಿದ್ದು ಅಂದ್ರೆ ಇದೊಂದೇ ಹೊಳೀತಿತ್ತು. ಇಲ್ಲಿ ಇಂಧನ ಸೋರಿ ಇಳಿದ ಗೆರೆ. ಮೂಗಿನ ಶಂಕು ಲೋಹ ಅಲ್ಲ ಕಣೋ, ಅದರೊಳಗೆ ರಡಾರ್ ಇರುತ್ತೆ, ಅಲೆ ಹೊರಗೆ ಬರಬೇಕಲ್ಲ. ಚಕ್ರದ ತಟ್ಟೆ ಹಸಿರು. ಬೇಸಿಗೇಲಿ ರೆಕ್ಕೆ ಮೇಲೆ ಅಂಗೈ ಇಟ್ರೆ ದೋಸೆ ಕಾವಲಿ. ಒಂದೇ ಬಣ್ಣ ಅಂತೆ! ನಿಮ್ಮಮ್ಮನ ಸಿಲ್ವಾರದ ಪಾತ್ರೆ ಸಾಲಾಗಿ ಇಟ್ಟು ನೋಡು, ಯಾವುದಾದ್ರೂ ಎರಡು ಒಂದೇ ಬಣ್ಣ ಇದ್ರೆ ಹೇಳು."

ಎದ್ದು ಹೋಗಿ ನೋಡಿದೆ. ಇರಲಿಲ್ಲ.

ಆಮೇಲೆ 1971. ಯುದ್ಧದ ಹೊತ್ತಿಗೆ ನಮ್ಮ ಹಲವು ಮಿಗ್-21ಗಳಿಗೆ ಅವಸರದಲ್ಲಿ ಮರೆಬಣ್ಣ ಬಳಿದರು. ಒಂದೊಂದು ಕಡೆ ಒಂದೊಂದು ಥರ, ಎರಡು ವಿಮಾನ ಹೋಲುವಂತಿರಲಿಲ್ಲ. ಆ ವರ್ಷದ ಡಿಸೆಂಬರ್ 12ರಂದು ಕಛ್ ಕೊಲ್ಲಿಯ ಮೇಲೆ ಪಾಕಿಸ್ತಾನದ ಸ್ಟಾರ್‌ಫೈಟರನ್ನು ಹೊಡೆದುರುಳಿಸಿದ್ದು, 14ಕ್ಕೆ ಢಾಕಾದ ಗವರ್ನರ್ ಬಂಗಲೆಗೆ ರಾಕೆಟ್ ಬಿಟ್ಟದ್ದು ಮಿಗ್-21ಗಳೇ. ಇದೆಲ್ಲ ನನಗೆ ಪುಸ್ತಕದಿಂದ ಗೊತ್ತಿತ್ತು. ದೊಡ್ಡಪ್ಪ ಢಾಕಾ, ಕಛ್ ಯಾವುದನ್ನೂ ಎತ್ತಲಿಲ್ಲ. "ದಿನಾ ಒರೆಸಿ ಇಟ್ಟಿದ್ದಕ್ಕೆ ನಾವೇ ಹಸಿರು ಬಳಿದ್ವಿ. ಬ್ರಶ್ಶಿನಲ್ಲಿ. ಬೆಳ್ಳಿ ತಂಬಿಗೆಗೆ ಸಗಣಿ ಮೆತ್ತಿದ ಹಾಗಾಯ್ತು ನಮಗೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ ಬಳಿದ್ವಿ. ಕಾಣ್ದೆ ಇದ್ರೆ ವಾಪಸ್ ಬರ್ತಾರೆ ಅಲ್ವಾ" ಅಂದರು.

ಬೆಂಗಳೂರಿಗೆ ಬಂದು ನಾಲ್ಕನೇ ಸಲ ಕಿತ್ತೆ. ಈ ಸಲ ಕನ್ನಡಿ ಹೊಳಪು ಬೇಕಿರಲಿಲ್ಲ. ಮುಂದಿನ ಮೈಗೆ ಏರ್‌ಫ್ರೇಮ್ ಅಲ್ಯೂಮಿನಿಯಂ, ನಡುವೆ ಕೆಲವು ಪ್ಯಾನೆಲ್ಲಿಗೆ ಡ್ಯುರಾಲುಮಿನ್, ದೊಡ್ಡಪ್ಪ ಹೇಳಿದ ಒಂದೇ ಒಂದು ಮುಚ್ಚಳಕ್ಕೆ ಪಾಲಿಶ್ ಮಾಡಿದ ಅಲ್ಯೂಮಿನಿಯಂ. ಬಾಲದ ಕಡೆ ಡಾರ್ಕ್ ಅಲ್ಯೂಮಿನಿಯಂ, ತುದಿಯಲ್ಲಿ ಸುಟ್ಟ ಕಬ್ಬಿಣದ ಬಣ್ಣ. ಒಂದೊಂದು ಶೇಡ್ ಹೊಡೆದು, ಒಣಗಿಸಿ, ಟೇಪಿನ ಅಂಟನ್ನು ಅಂಗೈಗೆ ಒತ್ತಿ ಕಡಿಮೆ ಮಾಡಿ ಅಂಟಿಸಿ, ಮುಂದಿನದು. ಒಟ್ಟು ಏಳು ಥರದ ಬಣ್ಣ ಆಯಿತು, ಬಣ್ಣವಿಲ್ಲದ ವಿಮಾನಕ್ಕೆ. ಎರಡು ಶೇಡುಗಳ ನಡುವಿನ ವ್ಯತ್ಯಾಸ ನೇರ ನೋಡಿದರೆ ಕಾಣುವುದೇ ಇಲ್ಲ. ಕೈಯಲ್ಲಿ ಹಿಡಿದು ಓರೆ ಮಾಡಿದಾಗ ಮಾತ್ರ ಒಂದು ಪ್ಯಾನೆಲ್ ಬೆಳಗಿ ಪಕ್ಕದ್ದು ಮಂಕಾಗುತ್ತೆ. ಫೋಟೋದಲ್ಲಿ ಇದು ಬರೋಲ್ಲ, ಹಾಗಾಗಿ ನಾನು ತೆಗೆದು ಹಾಕಿಯೂ ಇಲ್ಲ.

ನಂಬರ್ ಯಾವುದು ಹಾಕಲಿ ಅಂತ ಫೋನಿನಲ್ಲಿ ಕೇಳಿದೆ. "ಅದಕ್ಕೆ ನಂಬರ್ ಬೇಡ" ಅಂದರು. ಯಾಕೆ ಅಂತ ಕೇಳುವ ಧೈರ್ಯ ಬರಲಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಕೊಟ್ಟೆ. ಮತ್ತೆ ಕಿಟಕಿ, ಮತ್ತೆ ಕನ್ನಡಕ. ಓರೆ ಮಾಡಿ ನೋಡಿದರು. ಆ ಒಂದು ಮುಚ್ಚಳದ ಮೇಲೆ ಹೆಬ್ಬೆರಳು ಇಟ್ಟು ಹಾಗೇ ಕೂತರು. ಬೆರಳಿಗೆ ಸುಣ್ಣ ಇತ್ತು. ಮಾಡೆಲ್ ಮಾಡುವವನಿಗೆ ಬೆರಳಚ್ಚು ಅಂದರೆ ಜೀವ ಹೋಗುತ್ತೆ, ನಾನು ಬಾಯಿ ಬಿಡಲಿಲ್ಲ. ಕೊನೆಗೆ ಅದನ್ನು ಎಲೆ-ಅಡಿಕೆ ತಟ್ಟೆಯ ಪಕ್ಕ ಇಟ್ಟು, "ಇನ್ನೊಂದು ಮಾಡ್ತೀಯಾ? ಹಸಿರು ಬಳಿದದ್ದು. ಅದಕ್ಕೆ ನಂಬರ್ ಹೇಳ್ತೀನಿ" ಅಂದರು.

ಕಿಟ್ ತರಿಸಿದ್ದೇನೆ. ಮೊದಲು ಪೂರ್ತಿ ಬೆಳ್ಳಗೆ ಮಾಡಬೇಕು, ಏಳೂ ಶೇಡು ಹಾಕಿ. ಅದರ ಮೇಲೆ ಹಸಿರು, ಬ್ರಶ್ಶಿನಲ್ಲೇ.